‘ನಾಗಮಂಡಲ’ದ ಪೂರ್ವರಂಗ ಮತ್ತು ಅಚೌರ್ಯಾಣುವ್ರತ

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನಮ್ಮ ಶ್ರಾವಕ ಕುಟುಂಬಗಳಲ್ಲಿ ಬಹುಜನರು 1997ರಲ್ಲಿ ಬಂದ ನಾಗಾಭರಣರ ಚಲನಚಿತ್ರದ ಮೂಲಕವೇ ಬಲ್ಲರು. ಅವರಿಗೆ ರಾಣಿ, ಅಪ್ಪಣ್ಣ, ಮಾನವರೂಪದ ನಾಗ ಇವರೇ ನೆನಪು. ನಾನು ನಾಟಕವನ್ನು ಓದಿದಾಗ ನನ್ನ ಮನಸ್ಸು ಅದರ ಪೂರ್ವರಂಗದಲ್ಲಿಯೇ ನಿಂತಿತು. ವ್ಯಾಪಾರಸ್ಥನಾದ ನನಗೆ ಅಲ್ಲೊಂದು ಕೊಡುಕೊಳ್ಳುವಿಕೆಯ ಪ್ರಶ್ನೆ ಕಂಡಿತು.

ಒಂದು ಹಾಳು ಗುಡಿ. ತನ್ನ ನಾಟಕಗಳಿಂದ ಜನರನ್ನು ನಿದ್ದೆಗೆಡಹಿದ ಪಾಪಕ್ಕಾಗಿ ಸಾವಿನ ಶಾಪ ಹೊತ್ತ ಒಬ್ಬ ನಾಟಕಕಾರ. ಒಂದು ಇಡೀ ರಾತ್ರಿ ಎಚ್ಚರವಿದ್ದರೆ ಮಾತ್ರ ಅವನಿಗೆ ಉಳಿವು. ಊರ ಮನೆಗಳಲ್ಲಿ ದೀಪ ಆರಿದ ಮೇಲೆ ಜ್ಯೋತಿಗಳೆಲ್ಲ ಹೆಂಗಸರ ರೂಪದಲ್ಲಿ ಅಲ್ಲಿ ಸೇರಿ ಮಾತಿಗೆ ತೊಡಗುತ್ತವೆ. ಒಬ್ಬಳು ಮುದುಕಿ ತಾನು ಬಲ್ಲ ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಬಚ್ಚಿಟ್ಟಿದ್ದಳಂತೆ. ಅವೆರಡೂ ಅವಳಿಂದ ಹೊರಬಿದ್ದು, ಕಥೆ ಹೆಣ್ಣಾಗಿ, ಹಾಡು ಆ ಹೆಣ್ಣಿನ ಸೀರೆಯಾಗಿ ಗುಡಿಗೆ ಬರುತ್ತವೆ. ಆ ಕಥೆ ನಾಟಕಕಾರನಿಗೆ ಒಂದೇ ಕರಾರು ಹಾಕುತ್ತದೆ: ಕೇಳಿದರೆ ಸಾಲದು, ಮತ್ತೊಬ್ಬರಿಗೆ ದಾಟಿಸಬೇಕು.

ದಾಟಿಸುವುದೊಂದೇ ಬೆಲೆ. ಯಾರಿಂದ ಬಂತೆಂದು ಹೇಳಬೇಕೆಂಬ ಕಟ್ಟು ಆ ಕರಾರಿನಲ್ಲಿಲ್ಲ. ಇದು ನಾಟಕದ ಒಂದು ಕೊರತೆಯೆಂದು ನನ್ನ ಅಭಿಪ್ರಾಯ. ಆದರೆ ಕಾರ್ನಾಡರು ಸ್ವತಃ ಆ ಕೊರತೆಯನ್ನು ತುಂಬಿದ್ದಾರೆ. ನಾಟಕಕ್ಕೆ ಆಧಾರವಾದ ಎರಡು ಜನಪದ ಕಥೆಗಳನ್ನು ತಾವು ಎ.ಕೆ. ರಾಮಾನುಜನ್ ಅವರಿಂದ ಕೇಳಿದ್ದಾಗಿ ಮುನ್ನುಡಿಯಲ್ಲಿ ಅವರು ಬರೆದರು. ರಾಮಾನುಜನ್ನರಾದರೋ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ನಮ್ಮ ಈ ಭಾಗದ ಮನೆಗಳ ಕಥೆಗಳನ್ನು ಕೂಡಿಹಾಕಿದವರು. ಇಲ್ಲಿ ಹಣದ ಮಾತಿಲ್ಲ. ಕೇಳಿದವನು ಹೇಳಿದವನನ್ನು ಮರೆಯಲಿಲ್ಲ, ಅಷ್ಟೆ. ಈ ಒಂದು ವಿಷಯದಲ್ಲಿ ನಾಟಕಕ್ಕಿಂತ ಅದರ ಮುನ್ನುಡಿಯೇ ಹೆಚ್ಚು ಧರ್ಮಿಷ್ಠವಾಗಿದೆ. ಜನ್ನನ ಯಶೋಧರನ ಕಥೆಯನ್ನು ಎತ್ತಿಕೊಂಡು ‘ಹಿಟ್ಟಿನ ಹುಂಜ’ದಲ್ಲಿ ತಮ್ಮ ದಾರಿಗೆ ತಿರುಗಿಸಿಕೊಂಡರೆಂದು ನಮ್ಮವರಲ್ಲಿ ಕೆಲವರಿಗೆ ಅವರ ಮೇಲೆ ಮುನಿಸುಂಟು. ತಿರುಗಿಸಿದ್ದನ್ನು ನಾನೂ ಒಪ್ಪಲಾರೆ. ಕದ್ದರೆಂದು ಮಾತ್ರ ಹೇಳಲಾರೆ.

ಕಥಾವಸ್ತುವನ್ನು ಹಣಕ್ಕೆ ಮಾರುವವರೂ ಉಂಟು. ಅಮೇರಿಕೆಯ ಸಿಂಕ್ಲೇರ್ ಲೂಯಿಸ್ ಯೌವನದಲ್ಲಿ, 1910ರ ಸುಮಾರಿಗೆ, ಕಥೆಯ ಹಂದರಗಳನ್ನು ಆಗಲೇ ಪ್ರಸಿದ್ಧನಾಗಿದ್ದ ಜ್ಯಾಕ್ ಲಂಡನ್ನನಿಗೆ ಒಂದೊಂದಕ್ಕೆ ಕೆಲವೇ ಡಾಲರುಗಳಂತೆ ಮಾರಿದನು. ಅವುಗಳಲ್ಲೊಂದನ್ನು ಹಿಡಿದು ಲಂಡನ್ನನು ಕಾದಂಬರಿ ಬರೆಯತೊಡಗಿ, ಮುಕ್ತಾಯ ಹೊಳೆಯದೆ ಅರ್ಧಕ್ಕೆ ಬಿಟ್ಟನು. ಮತ್ತೊಬ್ಬರು ಅದನ್ನು ಪೂರ್ತಿಗೊಳಿಸಿದ ಮೇಲೆ 1963ರಲ್ಲಿ ಅದು ಪ್ರಕಟವಾಯಿತು. ಮಾರಿದ ಹುಡುಗನಿಗೆ ಮುಂದೆ 1930ರಲ್ಲಿ ನೊಬೆಲ್ ಬಹುಮಾನ ಬಂತು. ಎಲ್ಲರ ಅದೃಷ್ಟ ಹಾಗಿರುವುದಿಲ್ಲ.

ನಮ್ಮ ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ ತಂದೆಯವರ ಕಾಲದಿಂದ ಒಬ್ಬ ಗುಮಾಸ್ತರಿದ್ದರು. ಮದುವೆಯಾಗಲಿಲ್ಲ, ಅಂಗಡಿಯ ಅಟ್ಟವೇ ಮನೆ. ಹತ್ತಿ, ಮೆಣಸಿನಕಾಯಿಯ ಸುಗ್ಗಿ ಮುಗಿದು ಪೇಟೆ ಬಿಕೋ ಎನ್ನುವ ದಿನಗಳಲ್ಲಿ ಅವರ ತಲೆಯಲ್ಲಿ ಕಥೆಗಳು ಹುಟ್ಟುತ್ತಿದ್ದವು. ಬರೆಯಲು ಒಲ್ಲರು. ಹುಬ್ಬಳ್ಳಿಯಿಂದ ಬರುತ್ತಿದ್ದ ಒಬ್ಬ ಲೇಖಕರು ಕಥೆಗೆ ಇಪ್ಪತ್ತೈದು ರೂಪಾಯಿ ಕೊಟ್ಟು ಕೇಳಿಕೊಂಡು ಹೋಗಿ ವಾರಪತ್ರಿಕೆಗಳಲ್ಲಿ ತಮ್ಮ ಹೆಸರಿನಿಂದ ಅಚ್ಚು ಹಾಕಿಸುತ್ತಿದ್ದರು. ಆಗ ತಾನೆ ಬಿ.ಕಾಂ. ಮುಗಿಸಿ ಗಾದಿಗೆ ಬಂದಿದ್ದ ನಾನು, “ಕಾಕಾ, ಇದು ಸರಿ ಏನ್ರಿ?” ಎಂದು ಕೇಳಿದೆ. “ರೊಕ್ಕ ಎಣಿಸಿ ಕೊಟ್ಟಾರ, ಸಾವ್ಕಾರ್ರ. ಮಾರಿದ ಎತ್ತಿನ ಮ್ಯಾಲೆ ಯಾರರ ತಮ್ಮ ಹೆಸರು ಬರೀತಾರೇನು?” ಎಂದು ನಕ್ಕರು.

ಈ ಮಾತಿಗೆ ಕಾಯಿದೆಯಲ್ಲಿ ಉತ್ತರವಿಲ್ಲ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕದ ವಸ್ತುವನ್ನೇ ‘ನ್ಯೂ ಡೆಲ್ಲಿ’ ಚಿತ್ರಕ್ಕೆ ಬಳಸಿದರೆಂದು ಹೂಡಿದ ದಾವೆಯಲ್ಲಿ, ಬರಿಯ ಕಲ್ಪನೆಗೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೀತಿಗೆ ಮಾತ್ರ ಉಂಟು ಎಂದು ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ತೀರ್ಪಿತ್ತಿತು. ಆದರೆ ಶ್ರಾವಕನ ಕಾಯಿದೆ ಇನ್ನೂ ಸೂಕ್ಷ್ಮ. ಕೊಡದುದನ್ನು ತೆಗೆದುಕೊಳ್ಳುವುದೇ ಕಳವೆಂದು ಹೇಳಿ ಉಮಾಸ್ವಾಮಿಗಳು ಅಲ್ಲಿಗೇ ನಿಲ್ಲದೆ, ತೂಕ ಅಳತೆಗಳ ಹೆಚ್ಚುಕಡಿಮೆಯನ್ನೂ ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವ ವ್ಯವಹಾರವನ್ನೂ ಅಚೌರ್ಯದ ಅತಿಚಾರಗಳಲ್ಲಿ ಸೇರಿಸಿದರು. ಕಾಕಾ ಕೊಟ್ಟದ್ದು ಕಥೆಯನ್ನು. ಅದು ತಮಗೇ ಹೊಳೆಯಿತೆಂಬ ಕೀರ್ತಿಯನ್ನು ಲೇಖಕರು ಇಪ್ಪತ್ತೈದು ರೂಪಾಯಿಯಲ್ಲಿ ಕೊಂಡಿದ್ದರೇ? ಆ ಚೀಲ ತೂಕಕ್ಕೇ ಬಂದಿರಲಿಲ್ಲ.

ನಾಟಕದ ಕೊನೆಯ ದಿವ್ಯವನ್ನು ನೆನೆಯಿರಿ. ರಾಣಿ ಹಾವನ್ನು ಕೈಯಲ್ಲಿ ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಗಂಡುಜೀವವನ್ನು ತಾನು ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಅಕ್ಷರಶಃ ನಿಜ, ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ. ರಾಣಿಯ ಮೇಲೆ ನನಗೆ ಕನಿಕರವೇ ಹೊರತು ದೋಷಾರೋಪಣೆ ಇಲ್ಲ. ಏನು ನಡೆಯಿತೆಂದು ಅವಳಿಗೇ ಪೂರ್ತಿ ತಿಳಿಯದು. ಆದರೆ ಎಲ್ಲವನ್ನೂ ತಿಳಿದ ಲೇಖಕನು, “ಹಣ ಕೊಟ್ಟಿದ್ದೇನೆ, ಪ್ರತಿಯೊಂದು ಶಬ್ದವನ್ನೂ ನಾನೇ ಬರೆದಿದ್ದೇನೆ” ಎಂದರೆ ಅದೂ ಅಂಥದೇ ಪ್ರಮಾಣವಲ್ಲವೆ?

ನಮ್ಮ ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಪಂಪನ ತಾಯಿ ನಮ್ಮ ಅಣ್ಣಿಗೇರಿಯ ಮೊಮ್ಮಗಳೆಂದು ಕುರಿಕ್ಯಾಲದ ಶಾಸನ ಹೇಳುತ್ತದೆ, ಆದ್ದರಿಂದ ಅವನ ಮಾತನ್ನು ಸಲುಗೆಯಿಂದ ಎತ್ತುತ್ತೇನೆ. 941ರಲ್ಲಿ ‘ಆದಿಪುರಾಣ’ ರಚಿಸಿದ ಆತನಿಗೆ ವಸ್ತು ದೊರೆತದ್ದು ಜಿನಸೇನಾಚಾರ್ಯರಿಂದ. ಅದರಿಂದ ಪಂಪನ ಕೀರ್ತಿ ಒಂದು ಗುಂಜಿಯೂ ಇಳಿಯಲಿಲ್ಲ. ಪೂರ್ವಕವಿಗಳನ್ನು ಸ್ಮರಿಸಿಯೇ ಕಾವ್ಯಕ್ಕೆ ತೊಡಗುವುದು ಆ ಪರಂಪರೆಯ ಪದ್ಧತಿ.

ಇಷ್ಟನ್ನು ಬರೆಯುವ ನಾನು ಹುಬ್ಬಳ್ಳಿಯ ಆ ಲೇಖಕರಿಗಿಂತ ಮೇಲಲ್ಲ. ಒಮ್ಮೆ ಬಸದಿಯ ಪಂಚಕಲ್ಯಾಣದ ಸ್ಮರಣ ಸಂಚಿಕೆಗೆ ನನ್ನಿಂದ ಒಂದು ಕಥೆ ಬೇಕೆಂದರು. ಕೊಳ್ಳಲೊಂದು, ಮಾರಲೊಂದು ತೂಕದ ಕಲ್ಲು ಇಟ್ಟುಕೊಂಡಿದ್ದ ವ್ಯಾಪಾರಿ ತೀರಿಕೊಂಡ ಮೇಲೆ, ಯಾವುದು ಖರೇ ಕಲ್ಲೆಂದು ತಿಳಿಯದ ಮಗ ಎರಡನ್ನೂ ಬಾವಿಗೆ ಹಾಕಿ, ಮರುದಿನ ತೂಗಲು ಕಲ್ಲಿಲ್ಲದೆ ಅಂಗಡಿಯ ಬಾಗಿಲಲ್ಲಿ ಕುಳಿತುಕೊಳ್ಳುತ್ತಾನೆ. ಈ ಕಥೆ ಕಾಕಾ ಹೇಳಿದ್ದು. ನೂರಾ ಒಂದು ರೂಪಾಯಿ ಕೊಟ್ಟೆ. ಅಚ್ಚಾದದ್ದು ನನ್ನ ಹೆಸರಿನಲ್ಲಿ. ಆ ಹಣವನ್ನು ಅಂದಿನ ಕೀರ್ದಿಯಲ್ಲಿ ಖರ್ಚು ಬರೆದವರೂ ಅವರೇ. ‘ಸಾದಿಲ್ವಾರು, ಕಥೆಯ ಬಾಬತ್ತು’ ಎಂದು ಅವರ ಮುದ್ದಾದ ಅಕ್ಷರಗಳಲ್ಲಿದೆ, ಯಾರಿಗೆ ಕೊಟ್ಟದ್ದೆಂದು ಇಲ್ಲ. ಅವರು ತೀರಿಕೊಂಡು ಬಹಳ ವರ್ಷಗಳಾದವು.

ಈಗ ಟ್ರಸ್ಟಿನವರು ಆ ಸಂಚಿಕೆಯನ್ನು ಮರುಮುದ್ರಿಸುತ್ತಿದ್ದಾರೆ. ಕಥೆಯ ತಲೆಬರಹದ ಕೆಳಗೆ ಮೊದಲು ಅವರ ಹೆಸರು, ಆಮೇಲೆ ನನ್ನದು ಬರಲೆಂದು ಕೇಳಿಕೊಂಡಾಗ, “ಇದಕ್ಕೇನಾದರೂ ದಾಖಲೆ ಉಂಟೇ?” ಎಂದರು. ಕೀರ್ದಿಯ ಆ ಪುಟದ ಜೆರಾಕ್ಸ್ ಕಳಿಸಿದ್ದೇನೆ. ಕುಂದಗೋಳದಲ್ಲಿರುವ ಅವರ ತಂಗಿಯ ಮಕ್ಕಳಿಗೂ ಪತ್ರ ಬರೆದಿದ್ದೇನೆ. ಅವರ ಒಪ್ಪಿಗೆ ಬರುವ ಮೊದಲೇ ಆ ಹೆಸರನ್ನು ಇಲ್ಲಿ ಬರೆದರೆ ಅದು ಇನ್ನೊಂದು ಅದತ್ತಾದಾನವಾದೀತೆಂದು ಬಿಟ್ಟಿದ್ದೇನೆ.