ಕವಿತೆಯ ಪಕ್ಕದಲ್ಲಿ ಬಣ್ಣ

ಕವಿಯೂ ಅಮೂರ್ತ ಚಿತ್ರಕಲಾವಿದರೂ ಕೂಡಿ ಮಾಡಿದ ಕೃತಿಗಳ ಚರ್ಚೆ ಬಂದಾಗಲೆಲ್ಲ, 1913ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ‘ಟ್ರಾನ್ಸ್-ಸೈಬೀರಿಯನ್ ರೈಲಿನ ಹಾಗೂ ಫ್ರಾನ್ಸಿನ ಪುಟ್ಟ ಜ್ಯಾನಳ ಗದ್ಯ’ದ ಹೆಸರನ್ನು ಎತ್ತದೆ ಇರಲಾಗದು. ಹೆಸರಿನಲ್ಲಿ ಗದ್ಯವೆಂದಿದ್ದರೂ ಅದು ನಾನೂರಕ್ಕೂ ಹೆಚ್ಚು ಸಾಲುಗಳ ಮುಕ್ತಛಂದದ ಕವಿತೆ. ಬರೆದವರು ಸ್ವಿಟ್ಸರ್ಲೆಂಡಿನಲ್ಲಿ ಹುಟ್ಟಿದ ಬ್ಲೇಸ್ ಸಾಂದ್ರಾರ್. ಅದರ ಜೊತೆಗೆ ವರ್ಣಗಳನ್ನು ರಚಿಸಿದವರು ಉಕ್ರೇನಿನಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬೆಳೆದ ಸೋನಿಯಾ ಡೆಲೊನೆ. ಇದನ್ನು ಅವರಿಬ್ಬರೂ ‘ಮೊದಲ ಏಕಕಾಲಿಕ ಪುಸ್ತಕ’ವೆಂದು ಸಾರಿದರು. ಕಣ್ಣು ಪದವನ್ನೂ ಬಣ್ಣವನ್ನೂ ಒಂದೇ ಗಳಿಗೆಯಲ್ಲಿ ಗ್ರಹಿಸಬೇಕು, ಒಂದಾದ ಮೇಲೆ ಇನ್ನೊಂದನ್ನಲ್ಲ ಎಂಬುದು ಆ ಮಾತಿನ ಅರ್ಥ.

‘ಮೊದಲ’ ಎಂಬ ಹಕ್ಕುಸಾಧನೆಯನ್ನು ಆಂರಿ-ಮಾರ್ತ್ಯಾಂ ಬಾರ್ಜೂಂ ಎಂಬ ಕವಿ ಆಗಲೇ ಪ್ರಶ್ನಿಸಿದ್ದರು. ಹಲವು ಕಂಠಗಳು ಒಟ್ಟಿಗೆ ನುಡಿಯಬೇಕಾದ ಕವಿತೆಗಳನ್ನು ಬರೆಯುತ್ತಿದ್ದ ಅವರು ಏಕಕಾಲಿಕತೆಯ ಕಲ್ಪನೆ ತಮ್ಮದೆಂದು ವಾದಿಸಿದರೆ, 1914ರಲ್ಲಿ ಗಿಯೋಮ್ ಅಪೊಲಿನೇರ್ ಸಾಂದ್ರಾರ್ ಮತ್ತು ಡೆಲೊನೆ ಅವರ ಪರ ನಿಂತು ಉತ್ತರ ಕೊಟ್ಟರು. ಆ ಜಗಳವನ್ನು ಇತ್ಯರ್ಥಪಡಿಸುವುದೇ ಈ ವಾರದ ಅಂಕಣದ ಉದ್ದೇಶವಾಗಿತ್ತು. ಆದರೆ ಕೃತಿಯ ಮುಂದೆ ನಿಂತಾಗ, ಯಾರು ಮೊದಲಿಗರು ಎಂಬುದಕ್ಕಿಂತ ಈ ಇಬ್ಬರು ನಿಜವಾಗಿ ಮಾಡಿದ್ದೇನು ಎಂಬ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಬಿಚ್ಚಿದರೆ ಈ ಪುಸ್ತಕ ಸುಮಾರು 2 ಮೀಟರ್ ಉದ್ದದ ಒಂದೇ ಪಟ್ಟಿ. ಮಡಿಚಿದರೆ ಜೇಬಿಗೆ ಸೇರುವಷ್ಟು ಚಿಕ್ಕದು. 150 ಪ್ರತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಐಫೆಲ್ ಗೋಪುರದ 300 ಮೀಟರ್ ಎತ್ತರವಾಗಬೇಕೆಂಬುದು ಅವರ ಯೋಜನೆಯಾಗಿತ್ತು. ಅಷ್ಟೂ ಪ್ರತಿಗಳು ತಯಾರಾಗಲಿಲ್ಲ. ಮೇಲ್ಭಾಗದಲ್ಲಿ ರೈಲುಮಾರ್ಗದ ನಕ್ಷೆ, ಬಲಕ್ಕೆ ಬಗೆಬಗೆಯ ಅಚ್ಚುಮೊಳೆಗಳಲ್ಲಿ, ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಮುದ್ರಿತವಾದ ಕವಿತೆ, ಎಡಕ್ಕೆ ಮೇಲಿನಿಂದ ಕೆಳಕ್ಕೆ ಸುತ್ತಿ ಸುಳಿದು ಇಳಿಯುವ ಕಿತ್ತಳೆ, ನೀಲಿ, ನೇರಳೆ, ಕೆಂಪು ಬಣ್ಣಗಳ ಕಮಾನುಗಳು. ಸಾಲುಗಳ ನಡುವೆ ಉಳಿದ ಖಾಲಿ ಜಾಗಕ್ಕೂ ತಿಳಿಬಣ್ಣಗಳು ಹರಿದುಬಂದಿವೆ.

ಕವಿತೆಯ ನಿರೂಪಕನು ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಮಾಸ್ಕೋದಿಂದ ಪೂರ್ವಕ್ಕೆ ಹೊರಟ ಹದಿಹರೆಯದವನು. ಜೊತೆಗಿರುವ ಜ್ಯಾನ್, ಮೊಂಮಾರ್ತ್ರ್‌ನಿಂದ ಬಹಳ ದೂರ ಬಂದೆವೇ ಎಂದು ಮತ್ತೆ ಮತ್ತೆ ಕೇಳುತ್ತಾಳೆ. ಹಸಿವು, ಗಾಯಾಳುಗಳು, ಭಯ ಎಲ್ಲವೂ ಕವಿತೆಯಲ್ಲಿ ಇವೆ. ಆದರೆ ಡೆಲೊನೆ ಅವರ ಭಾಗದಲ್ಲಿ ರೈಲಿಲ್ಲ, ಹಳಿಯಿಲ್ಲ, ಹಿಮವಿಲ್ಲ, ಸೈನಿಕನಿಲ್ಲ. ಗುರುತಿಸಬಲ್ಲ ಆಕೃತಿಯೆಂದರೆ ಎಡ ತುದಿಯ ಕೆಳಗೆ ಒಂದು ಚಕ್ರದೊಡನೆ ನಿಂತ ಕೆಂಪು ಐಫೆಲ್ ಗೋಪುರ ಮಾತ್ರ. ಅದು ಕಾಣಿಸಿಕೊಳ್ಳುವುದು ಕವಿತೆ ಪ್ಯಾರಿಸ್ ಮುಟ್ಟಿ ಅದೇ ಗೋಪುರವನ್ನೂ ಚಕ್ರವನ್ನೂ ಹೆಸರಿಸುವ ಜಾಗದಲ್ಲಿಯೇ. ಅಲ್ಲಿಯವರೆಗೆ ಸಮಾನಾಂತರವಾಗಿ ಸಾಗಿಬಂದ ಎರಡು ದಾರಿಗಳು ಅಲ್ಲಿ ಸಂಧಿಸುತ್ತವೆ. ದಾರಿಯುದ್ದಕ್ಕೂ ಆಕೃತಿಗಳನ್ನು ತಡೆಹಿಡಿದುದರಿಂದಲೇ ಆ ಸಂಧಿಗೆ ಇಷ್ಟು ಬಲ ಬಂದಿದೆ.

ಇದರ ಹಿಂದಿರುವ ತತ್ತ್ವ ರಸಾಯನಶಾಸ್ತ್ರಜ್ಞ ಶೆವ್ರ್ಯೂಲ್ ಅವರದು. ಗೋಬ್ಲ್ಯಾಂ ನೇಯ್ಗೆಶಾಲೆಯ ಕಪ್ಪು ನೂಲು ಮಂಕಾಗಿದೆಯೆಂಬ ದೂರನ್ನು ಪರಿಶೀಲಿಸಿದ ಅವರು, ದೋಷ ಇರುವುದು ಬಣ್ಣದಲ್ಲಿ ಅಲ್ಲ, ಪಕ್ಕದಲ್ಲಿರುವ ನೀಲಿ-ನೇರಳೆಗಳ ಪ್ರಭಾವದಲ್ಲಿ ಎಂದು ಕಂಡುಕೊಂಡು, ನೆರೆಯ ಬಣ್ಣಗಳು ಪರಸ್ಪರ ಬದಲಾಯಿಸುತ್ತವೆಂಬ ನಿಯಮವನ್ನು 1839ರ ಗ್ರಂಥದಲ್ಲಿ ವಿವರಿಸಿದರು. ಸೋನಿಯಾ ಮತ್ತು ಅವರ ಪತಿ ರಾಬರ್ಟ್ ಡೆಲೊನೆ ಆ ನಿಯಮವನ್ನು ಚಿತ್ರಕಲೆಯ ತಳಹದಿಯಾಗಿಸಿಕೊಂಡಿದ್ದರು. ಈ ಪುಸ್ತಕ ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ದಿತು: ಬಣ್ಣದ ಪಕ್ಕದಲ್ಲಿ ಬಣ್ಣವನ್ನಲ್ಲದೆ ಪದವನ್ನೂ ಇಟ್ಟಿತು. ಉಜ್ವಲ ಕಿತ್ತಳೆಯ ಪಕ್ಕದಲ್ಲಿ ಓದಿದ ದುಃಖದ ಸಾಲು ಬಿಳಿ ಹಾಳೆಯ ಮೇಲೆ ಓದಿದ ದುಃಖದ ಸಾಲಿಗಿಂತ ಹೆಚ್ಚು ಕಪ್ಪಾಗುತ್ತದೆ.

ಕವಿತೆಯಲ್ಲಿ ಇರುವುದನ್ನೇ ಚಿತ್ರದಲ್ಲಿ ಮತ್ತೆ ತೋರಿಸುವುದನ್ನು ಸಹಯೋಗವೆಂದು ಕರೆಯುವ ಪಂಥದೊಡನೆ ಈ ಅಂಕಣಕ್ಕೆ ಹಳೆಯ ತಕರಾರಿದೆ. ಪ್ರಕಾಶಕ ವೊಲಾರ್ 1900ರಲ್ಲಿ ವೆರ್ಲೇನ್ ಕವಿತೆಗಳಿಗೆ ಬೊನಾರ್ ಅವರಿಂದ ಶಿಲಾಮುದ್ರಣ ಚಿತ್ರಗಳನ್ನು ಮಾಡಿಸಿದರು. ಚಿತ್ರಗಳು ಸೊಗಸಾಗಿವೆ, ಆದರೆ ಕವಿ 1896ರಲ್ಲಿಯೇ ತೀರಿಕೊಂಡಿದ್ದರು. ಉತ್ತರ ಕೊಡಲಾಗದ ಕವಿಯೊಡನೆ ನಡೆಯುವುದು ವ್ಯಾಖ್ಯಾನ, ಸಹಯೋಗವಲ್ಲ. ಸಾಂದ್ರಾರ್ ಮತ್ತು ಡೆಲೊನೆ ಪುಟದ ಉದ್ದ, ಅಕ್ಷರದ ಆಕಾರ, ಶಾಯಿಯ ಬಣ್ಣ ಎಲ್ಲವನ್ನೂ ಜೀವಂತ ಸಂವಾದದ ವಿಷಯವಾಗಿಸಿದರು.

ಮೂರನೆಯ ಕೈಯೊಂದನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಬಣ್ಣಗಳನ್ನು ಹಚ್ಚಿದ್ದು ‘ಪೊಶ್ವಾರ್’ ವಿಧಾನದಲ್ಲಿ: ಪ್ರತಿ ಬಣ್ಣಕ್ಕೂ ಪ್ರತ್ಯೇಕವಾಗಿ ತೆಳು ಹಾಳೆಯಲ್ಲಿ ಆಕಾರ ಕತ್ತರಿಸಿ, ಅದನ್ನು ಕಾಗದದ ಮೇಲಿಟ್ಟು ಕುಂಚದಿಂದ ಬಣ್ಣ ತುಂಬುವ ಕೈಕಸುಬು ಅದು. ಒತ್ತಡ ಸ್ವಲ್ಪ ಬದಲಾದರೂ ಅಂಚು ಬದಲಾಗುತ್ತದೆ. ಆದ್ದರಿಂದ ಒಂದು ಪ್ರತಿಯಂತೆ ಇನ್ನೊಂದಿಲ್ಲ. ಆ ಕಸುಬುದಾರರ ಹೆಸರು ಮುಖಪುಟದಲ್ಲಿ ಇಲ್ಲ, ಆದರೆ ಅವರ ಕೈ ಪ್ರತಿಯೊಂದು ಕಮಾನಿನಲ್ಲಿಯೂ ಇದೆ.

ಇಂಥ ಕೃತಿಯನ್ನು ಕವಿತಾ ಸಂಕಲನಗಳು ಬಣ್ಣ ಕಿತ್ತು ಬರೀ ಪಠ್ಯವಾಗಿ ಅಚ್ಚುಹಾಕುತ್ತ ಬಂದಿವೆ. ಚಿತ್ರಕಲೆಯ ಇತಿಹಾಸಗಳು ಅಕ್ಷರ ಓದಲಾಗದಷ್ಟು ಕುಗ್ಗಿಸಿ ಬರೀ ಬಣ್ಣವಾಗಿ ತೋರಿಸುತ್ತ ಬಂದಿವೆ. ಎರಡೂ ಅರ್ಧ ಕೃತಿಗಳೇ. ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ ಸಂಸ್ಥೆ 2008ರಲ್ಲಿ ಇದರ ಮಡಿಕೆ ಪ್ರತಿಕೃತಿಯನ್ನು ಹೊರತಂದಿದೆ. ಆಸಕ್ತ ಓದುಗರು ಅದನ್ನು ಹುಡುಕಿ, ಪೂರ್ತಿ ಬಿಚ್ಚಿ, ಮೇಲಿನಿಂದ ಕೆಳಗಿನವರೆಗೆ ಎರಡನ್ನೂ ಕೂಡಿಯೇ ಓದಬೇಕು.