ನಮೂನೆಯ ಪಾಠಪರಿಷ್ಕರಣ: ಪರ್ಲ್ ಭಾಷೆಯ ಎರಡು ಲೈಬ್ರರಿಗಳ ತುಲನೆ

ಹಳೆಯ ಓಲೆಗರಿಯಿಂದ ಹೊಸ ಪ್ರತಿಯನ್ನು ಎತ್ತಿಕೊಳ್ಳುವ ಲಿಪಿಕಾರನು ಎರಡು ಬಗೆಯಲ್ಲಿ ತಪ್ಪಬಹುದೆಂಬುದು ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆಲ್ಲ ತಿಳಿದ ವಿಷಯ. ಕಣ್ಣಿಗೆ ಕಂಡುದನ್ನು ತಪ್ಪಾಗಿ ಬರೆಯುವುದು ಒಂದು. ಮೂಲದಲ್ಲಿ ಬರೆಯದೆಯೇ ನಡೆದುಬರುತ್ತಿದ್ದ ರೂಢಿಯನ್ನು ಅರಿಯದೆ ಕೈಬಿಡುವುದು ಇನ್ನೊಂದು. ಮೊದಲನೆಯದು ಬೇಗ ಬಯಲಾಗುತ್ತದೆ. ಎರಡನೆಯದು ಬಹುಕಾಲ ಅಡಗಿರುತ್ತದೆ. ಗಣಕಯಂತ್ರಕ್ಕಾಗಿ ಬರೆದ ಅರ್ಜಿ ನಮೂನೆಯ ಕ್ರಮವಿಧಿಯನ್ನು ಒಂದು ಲೈಬ್ರರಿಯಿಂದ ಮತ್ತೊಂದಕ್ಕೆ ಸಾಗಿಸುವ ಕಾರ್ಯದಲ್ಲಿಯೂ ಈ ಎರಡು ದೋಷಗಳಿಗೆ ಎಡೆಯುಂಟು. ಪರ್ಲ್ ಭಾಷೆಯ ಎರಡು ಪ್ರಸಿದ್ಧ ಲೈಬ್ರರಿಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪರ್ಲ್ ಭಾಷೆಯು 1987ರಲ್ಲಿ ಹೊರಬಂದಿತು. ಅದರ ಕರ್ತೃ ಲ್ಯಾರಿ ವಾಲ್ ಭಾಷಾಶಾಸ್ತ್ರವನ್ನು ವ್ಯಾಸಂಗ ಮಾಡಿದವನು. ಅದರ ಫಲವಾಗಿಯೋ ಎಂಬಂತೆ ಈ ಭಾಷೆಯಲ್ಲಿ ಒಂದೇ ಪದಕ್ಕೆ ಸಂದರ್ಭಾನುಸಾರವಾಗಿ ಬೇರೆ ಬೇರೆ ಅರ್ಥವುಂಟು. ಲಿಂಕನ್ ಸ್ಟೈನ್ 1995ರಲ್ಲಿ ರಚಿಸಿದ ಸಿಜಿಐ ಎಂಬ ಲೈಬ್ರರಿಯು 1997ರಿಂದ ಭಾಷೆಯ ಮೂಲಸಂಪುಟದಲ್ಲಿಯೇ ಸೇರಿತ್ತು. 2014ರಲ್ಲಿ ಅದು ತ್ಯಾಜ್ಯವೆಂದು ಘೋಷಿತವಾಗಿ, 2015ರ 5.22ನೆಯ ಆವೃತ್ತಿಯಲ್ಲಿ ಮೂಲಸಂಪುಟದಿಂದ ಹೊರಗಾಯಿತು. ಅದರಿಂದ ಬಿಡುಗಡೆ ಬಯಸಿದವರು ಹಿಡಿದ ಹಾದಿಗಳಲ್ಲಿ ಗೆರ್ಡಾ ಶ್ಯಾಂಕ್ ಅವರ ಫಾರ್ಮ್‌ಹ್ಯಾಂಡ್ಲರ್ ಒಂದು. ಮೊದಲನೆಯದು ನಮೂನೆಯನ್ನು ಸಾಲುಸಾಲಾಗಿ ಬರೆಯಿಸುತ್ತದೆ. ಎರಡನೆಯದು ನಮೂನೆಯ ಪ್ರತಿಯೊಂದು ಅಂಕಣವನ್ನೂ ಅದರ ಲಕ್ಷಣಸಹಿತವಾಗಿ ಘೋಷಿಸಬೇಕೆನ್ನುತ್ತದೆ. ಒಂದು ಕಥನಕ್ರಮ, ಇನ್ನೊಂದು ಸೂತ್ರಕ್ರಮ ಎಂದರೆ ಸಲ್ಲುತ್ತದೆ.

ವಿಚಾರವು ಗಾಳಿಯಲ್ಲಿ ನಿಲ್ಲಬಾರದಾದುದರಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ರಾಯಚೂರು ನಗರದ ಕಾಲೇಜೊಂದರ ಪ್ರವೇಶದ ನಮೂನೆ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು, ತಾಲೂಕು ಇವು ಅಂಕಣಗಳು. ಕೊನೆಯಲ್ಲಿ ಗುರುತು ಹಾಕತಕ್ಕ ಒಂದು ಚೌಕ: ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯನ್ನು ಕೋರುವೆನೆಂಬುದು. 2012ರ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯು ಹಿಂದಿನ ಹೈದರಾಬಾದ್ ಕರ್ನಾಟಕದ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕವೆನಿಸಿದ ಪ್ರದೇಶದ ಸ್ಥಳೀಯರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಪಾಲನ್ನು ಕಾದಿರಿಸಲು ಅವಕಾಶವಿತ್ತಿದೆ. ದೇವದುರ್ಗದಿಂದಲೋ ಮಾನ್ವಿಯಿಂದಲೋ ಬರುವ ಬಡ ವಿದ್ಯಾರ್ಥಿಗೆ ಆ ಚಿಕ್ಕ ಚೌಕವು ಇಡೀ ನಮೂನೆಗಿಂತ ದೊಡ್ಡದು.

ಈಗ ಆ ಚೌಕವನ್ನೇ ನೋಡೋಣ. ಗುರುತು ಹಾಕದ ಚೌಕದ ವಿಷಯವಾಗಿ ಬ್ರೌಸರ್ ಏನನ್ನೂ ಕಳುಹಿಸುವುದಿಲ್ಲ. ಆದಕಾರಣ “ಬೇಡ” ಎಂಬ ಉತ್ತರಕ್ಕೂ “ಪ್ರಶ್ನೆಯೇ ಇರಲಿಲ್ಲ” ಎಂಬುದಕ್ಕೂ ಭೇದ ಕಾಣದು. ಸಿಜಿಐ ಲೈಬ್ರರಿಯು ತನ್ನ ಪುಟದೊಳಗೆ ಒಂದು ಗುಪ್ತ ಅಂಕಣವನ್ನಿಟ್ಟು, ಯಾವ ಯಾವ ಚೌಕಗಳು ಅಲ್ಲಿದ್ದುವೆಂಬುದನ್ನು ಅದರಲ್ಲಿ ದಾಖಲಿಸುತ್ತಿತ್ತು. ಕ್ರಮವಿಧಿಯನ್ನು ಬರೆದವನು ಇದನ್ನು ಕೇಳಿದವನಲ್ಲ, ಕಂಡವನೂ ಅಲ್ಲ. ಫಾರ್ಮ್‌ಹ್ಯಾಂಡ್ಲರ್ ಚೌಕದ ಬೆಲೆ ಬಾರದಿದ್ದರೆ ಅದನ್ನು ಸೊನ್ನೆಯೆಂದೇ ಗ್ರಹಿಸುತ್ತದೆ. ಹೊಸ ಅರ್ಜಿಯಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ವಿಳಾಸವನ್ನು ಮಾತ್ರ ತಿದ್ದುವ ಎರಡನೆಯ ಪುಟವೊಂದಿದ್ದು, ಅದರಲ್ಲಿ ಆ ಚೌಕವನ್ನು ತೋರಿಸದೆಯೇ ಅದೇ ನಮೂನೆಯನ್ನು ಬಳಸಿದರೆ, ವಿದ್ಯಾರ್ಥಿಯ ಕೋರಿಕೆಯು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಅಂಥ ಪುಟದಲ್ಲಿ ಆ ಅಂಕಣವು ನಿಷ್ಕ್ರಿಯವೆಂದು ಘೋಷಿಸುವ ಸೌಕರ್ಯವನ್ನು ಲೈಬ್ರರಿ ಒದಗಿಸಿದೆ. ಆದರೆ ಅಗತ್ಯವನ್ನು ಅರಿತವನಿಗೆ ಮಾತ್ರವೇ ಸೌಕರ್ಯವು ಒದಗುವುದು.

ಇದೇ ಜಾತಿಯದು ಇನ್ನೊಂದು. ತಪ್ಪಿದ ಅರ್ಜಿಯನ್ನು ಮರಳಿ ತೋರಿಸುವಾಗ ಸಿಜಿಐ ಹಿಂದೆ ತುಂಬಿದ ಮಾತುಗಳನ್ನು ತಾನಾಗಿಯೇ ಅಂಕಣಗಳಲ್ಲಿ ಉಳಿಸುತ್ತಿತ್ತು. ಫಾರ್ಮ್‌ಹ್ಯಾಂಡ್ಲರ್ ತಾನೇ ಪುಟವನ್ನು ರಚಿಸಿದಾಗ ಹಾಗೆಯೇ ಮಾಡುತ್ತದೆ; ಪುಟವನ್ನು ನಾವೇ ಕೈಯಾರೆ ಬರೆದರೆ ಆ ಬೆಲೆಗಳನ್ನು ಕೇಳಿ ಪಡೆದು ತುಂಬಬೇಕು. ಮರೆತರೆ, ಒಂದು ಅಂಕಣ ತಪ್ಪಿದ ವಿದ್ಯಾರ್ಥಿಯು ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ಪ್ರಶ್ನೆಯು ಇನ್ನೂ ಸೂಕ್ಷ್ಮವಾಗುತ್ತದೆ. ಯೂನಿಕೋಡಿನಲ್ಲಿ ಸ್ವರಚಿಹ್ನೆಗೂ ವಿರಾಮಕ್ಕೂ ಪ್ರತ್ಯೇಕ ಸಂಕೇತಗಳುಂಟು. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟುಗಳು ಬೇಕು. ‘ಮಾನ್ವಿ’ ಎಂಬಲ್ಲಿ ನಮ್ಮ ಎಣಿಕೆಗೆ ಅಕ್ಷರಗಳು 2, ಸಂಕೇತಗಳು 6, ಬೈಟುಗಳು 18. ‘ರಾಯಚೂರು’ ಎಂಬುದಕ್ಕೆ ಕ್ರಮವಾಗಿ 4, 7, 21. ‘ದೇವದುರ್ಗ’ಕ್ಕೆ 4, 8, 24. ಸಿಜಿಐ ಲೈಬ್ರರಿಯ ಸಹಜ ನಡೆ ಬೈಟುಗಳದು. ಬಂದುದನ್ನು ಯುಟಿಎಫ್-8 ಎಂದು ಓದಬೇಕೆಂದು ಪ್ರತ್ಯೇಕವಾಗಿ ವಿಧಿಸದಿದ್ದರೆ ಅದು ಬೈಟುಗಳನ್ನೇ ಒಪ್ಪಿಸುತ್ತದೆ. ಊರ ಹೆಸರಿಗೆ 20ರ ಮಿತಿಯನ್ನಿಟ್ಟು ಹೀಗೆ ಎಣಿಸಿದರೆ ಮಾನ್ವಿಯು ಒಳಗೆ ಸೇರುತ್ತದೆ. ರಾಯಚೂರೂ ದೇವದುರ್ಗವೂ ಬಾಗಿಲಲ್ಲೇ ನಿಲ್ಲುತ್ತವೆ! ಹೊಸ ಲೈಬ್ರರಿಗೆ ಬಂದ ಮಾತ್ರಕ್ಕೆ ಈ ದೋಷ ಹೋಗದು. ಅದೂ ತನಗೆ ಒಪ್ಪಿಸಿದುದನ್ನೇ ಎಣಿಸುತ್ತದೆ. ಸಂಸ್ಕಾರವು ನಡೆಯಬೇಕಾದದ್ದು ಹೊಸ್ತಿಲಲ್ಲಿ.

ಇದಲ್ಲದೆ ‘ದೇ’ ಎಂಬುದರ ಏತ್ವವನ್ನು ಒಂದೇ ಸಂಕೇತದಿಂದಲೂ, ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡರಿಂದಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಊರುಗಳು. ಇವನ್ನು ಏಕರೂಪಕ್ಕೆ ತರುವ ಸಾಧನವು 2002ರ 5.8ನೆಯ ಆವೃತ್ತಿಯಿಂದ ಪರ್ಲ್ ಮೂಲಸಂಪುಟದಲ್ಲಿಯೇ ಇದೆ. ಹೆಸರಿನಲ್ಲಿ ‘ಅಕ್ಷರಗಳು ಮಾತ್ರ’ ಇರತಕ್ಕದ್ದೆಂಬ ನಿಯಮವೂ ಹೀಗೆಯೇ ಮೋಸಗೊಳಿಸುತ್ತದೆ. ಯೂನಿಕೋಡಿನ ವರ್ಗೀಕರಣದಲ್ಲಿ ‘ಮ’ ಅಕ್ಷರ. ಅದರ ಮೇಲಣ ದೀರ್ಘವು ಅಕ್ಷರವಲ್ಲ, ಚಿಹ್ನೆ. ಆದುದರಿಂದ ಅಕ್ಷರವರ್ಗವೊಂದನ್ನೇ ಒಪ್ಪುವ ನಿಯಮವು ‘ಕಮಲ’ಳನ್ನು ಸ್ವೀಕರಿಸಿ ‘ಗೌರಿ’ಯನ್ನು ತಿರಸ್ಕರಿಸುತ್ತದೆ. ಗುಣಿತಾಕ್ಷರವನ್ನರಿಯದ ಈ ವ್ಯಾಕರಣಕ್ಕೆ ಚಿಹ್ನೆಗಳ ವರ್ಗವನ್ನೂ ಸೇರಿಸಿಕೊಡಬೇಕಾದದ್ದು ನಮ್ಮ ಕರ್ತವ್ಯ.

ಹಾಗಾದರೆ ಹೊಸದರ ಹಿರಿಮೆ ಏನು? ಸಂದರ್ಭದಿಂದ ಅರ್ಥ ಬದಲಾಗುವ ಪರ್ಲಿನ ಗುಣವು ಸಿಜಿಐನಲ್ಲಿ ಅಪಾಯವಾಗಿ ಪರಿಣಮಿಸಿತ್ತು. ಒಂದೇ ಬೆಲೆಯನ್ನು ನಿರೀಕ್ಷಿಸಿದ ಎಡೆಯಲ್ಲಿ ಹಲವು ಬೆಲೆಗಳು ನುಗ್ಗಿ ನೆರೆಯ ಅಂಕಣವನ್ನು ಮರೆಮಾಡಬಹುದಾಗಿತ್ತು. 2014ರಲ್ಲಿ ಬಗ್‌ಜಿಲ್ಲಾ ಎಂಬ ಪ್ರಸಿದ್ಧ ತಂತ್ರಾಂಶದಲ್ಲಿ ಇದರಿಂದಾದ ರಕ್ಷಣಾದೋಷವು ಬೆಳಕಿಗೆ ಬಂದಿತು. ಅಂಕಣದ ಸ್ವರೂಪವನ್ನು ಮೊದಲೇ ಘೋಷಿಸುವ ಸೂತ್ರಕ್ರಮದಲ್ಲಿ ಇಂಥ ಸಂದಿಗ್ಧಕ್ಕೆ ಎಡೆ ಕಡಮೆ. ನಿಯಮವು ಒಂದೆಡೆ ಬರೆದಿರುವುದರಿಂದ ಓದುವವನು ಅದನ್ನು ಪ್ರಶ್ನಿಸಬಲ್ಲನು, ತಿದ್ದಬಲ್ಲನು.

ಆದರೂ ಯಾವುದನ್ನು ಸೂತ್ರದಲ್ಲಿ ಇಡಬೇಕು, ಯಾವುದನ್ನು ಇಡಬಾರದು ಎಂಬ ವಿವೇಕವನ್ನು ಲೈಬ್ರರಿ ಕೊಡಲಾರದು. ತಾಲೂಕುಗಳ ಪಟ್ಟಿಯೇ ಇದಕ್ಕೆ ನಿದರ್ಶನ. 1997ರಲ್ಲಿ ಕೊಪ್ಪಳ ಜಿಲ್ಲೆಯು ಬೇರೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳು ರಾಯಚೂರು ಜಿಲ್ಲೆಯಿಂದ ಹೋದುವು. ಮುಂದೆ ಮಾನ್ವಿಯ ನೆರಳಿನಿಂದ ಸಿರವಾರವು ಪ್ರತ್ಯೇಕ ತಾಲೂಕಾಗಿ ನಿಂತಿತು. ಕ್ರಮವಿಧಿಯೊಳಗೇ ಕೆತ್ತಿದ ಪಟ್ಟಿಯು ಅಂಥ ದಿನ ಸುಳ್ಳಾಗುತ್ತದೆ. ದತ್ತಸಂಚಯದಲ್ಲಿಟ್ಟ ಪಟ್ಟಿಯನ್ನು ಗುಮಾಸ್ತನೂ ತಿದ್ದಬಹುದು.

ಇಷ್ಟರಿಂದ ನಿಷ್ಪನ್ನವಾಗುವ ಅಭಿಪ್ರಾಯವಿದು. ಸಿಜಿಐನಿಂದ ಫಾರ್ಮ್‌ಹ್ಯಾಂಡ್ಲರಿಗೆ ಸಾಗುವುದು ಯುಕ್ತವೇ. ಆದರೆ ಸಾಲಿಗೆ ಸಾಲನ್ನು ಬದಲಿಸುವುದು ಸಾಗಣೆಯಲ್ಲ. ಹಳೆಯ ನಮೂನೆಗೂ ಹೊಸದಕ್ಕೂ ಒಂದೇ ಅರ್ಜಿಯನ್ನು ಕೊಟ್ಟು ಫಲಗಳನ್ನು ತಾಳೆನೋಡಬೇಕು: ಚೌಕವನ್ನು ಬಿಟ್ಟ ಅರ್ಜಿ, ಮರಳಿ ತಿದ್ದಿದ ಅರ್ಜಿ, ಕನ್ನಡದಲ್ಲಿ ತುಂಬಿದ ಅರ್ಜಿ ಇವು ಮೂರಾದರೂ ಅದರಲ್ಲಿರತಕ್ಕದ್ದು. ಭೇದ ಕಂಡಲ್ಲಿ ಹಳೆಯದೇ ಸರಿಯೆಂದಾಗಲಿ ಹೊಸದೇ ಸರಿಯೆಂದಾಗಲಿ ಮೊದಲೇ ನಿರ್ಣಯಿಸದೆ, ಅರ್ಜಿದಾರನ ಮಾತನ್ನು ಯಾವುದು ಯಥಾವತ್ತಾಗಿ ಉಳಿಸಿತೆಂದು ಕೇಳಬೇಕು. ಪಾಠಾಂತರಗಳನ್ನು ತೂಗಿ ನೋಡುವ ಶಿಸ್ತನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಯಂತ್ರದ ವಿದ್ಯಾರ್ಥಿಗಳಿಗೂ ಅದು ಅಷ್ಟೇ ಅವಶ್ಯಕ.