ಬೆಂಡೆಕಾಯಿಯ ಮೊಹರು

ಹುಳಿಗೆ ಹೆಚ್ಚುವ ಮುನ್ನ ಒಂದು ಬೆಂಡೆಕಾಯಿ ಎತ್ತಿಡಿ. ತೊಟ್ಟಿನ ಹತ್ತಿರ ಅಡ್ಡಕ್ಕೆ ಕೊಯ್ದರೆ ಐದೆಸಳಿನ ಹೂವು ಸಿದ್ಧ. ಲೋಳೆ ಒರೆಸಿ, ಇಂಕ್ ಪ್ಯಾಡಿಗೆ ಅದ್ದಿ, ಕೈಕಾಗದದ ಶುಭಾಶಯ ಕಾರ್ಡಿನ ಮೇಲೆ ಒತ್ತಿ. ರಬ್ಬರ್ ಸ್ಟಾಂಪಿನದು ನೂರು ಸಲ ಒತ್ತಿದರೂ ಒಂದೇ ಮುಖ. ಬೆಂಡೆಯ ಹೂವು ಒಂದರಂತೆ ಇನ್ನೊಂದಿಲ್ಲ.

ಅರ್ಧ ಕೆಲಸ ಕಾಗದದ್ದೇ. ಹತ್ತಿಬಟ್ಟೆಯ ಚೂರುಗಳನ್ನು ಅರೆದು, ನೀರಲ್ಲಿ ಕದಡಿ, ಜರಡಿಯಲ್ಲಿ ಎತ್ತಿ ಒಣಗಿಸಿದ ಹಾಳೆ ಅದು. ಅಂಟು ಕಡಿಮೆಯಿದ್ದರೆ ಶಾಯಿಯನ್ನು ಗಟಗಟ ಕುಡಿಯುತ್ತದೆ. ಬಣ್ಣ ನಾರಿನ ಜಾಡು ಹಿಡಿದು ಕೂದಲೆಳೆಯಂತೆ ಹರಿಯುತ್ತದೆ. ನುಣುಪು ಹಾಳೆಗೆ ಈ ಸೊಗಸಿಲ್ಲ.

ಶಾಲೆಯಲ್ಲಿ ಪೆನ್ನು ಕೊಡವಿ ಕಾಪಿಪುಸ್ತಕ ಹಾಳುಮಾಡಿ ಬೈಸಿಕೊಂಡವನು ನಾನು. ಈಗ ಬೇಕೆಂದೇ ಎರಡು ಹನಿ ನೀಲಿ ಚೆಲ್ಲಿ, ಹಾಳೆ ಮಡಚಿ, ಬೆರಳಲ್ಲಿ ನೀವಿ ಬಿಡಿಸುತ್ತೇನೆ: ಒಮ್ಮೆ ಚಿಟ್ಟೆ, ಒಮ್ಮೆ ಏಡಿ. (ಏಡಿಯನ್ನು ಮದುವೆಯ ಶುಭಾಶಯಕ್ಕೆ ಬಳಸಕೂಡದೆಂದು ಮನೆಯವರ ತಾಕೀತು.) ಮಸಿಯ ಗುರುತಿಗೂ ಚಿತ್ರವಿದ್ಯೆಗೂ ಕನ್ನಡದಲ್ಲಿ ಒಂದೇ ಹೆಸರು, ಕಲೆ!

ಒಂದೇ ಎಚ್ಚರ. ಪೆನ್ನಿನ ಶಾಯಿ ಒಣಗಿದ ಮೇಲೂ ನೀರು ತಾಗಿದರೆ ಕದಡುತ್ತದೆ. ಮಳೆಗಾಲದಲ್ಲಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟೇ ಕಳಿಸಿ.